ಹೊಸ ಲಾರಿ ಡ್ರೈವರ್‌ಗೆ ಜೊತೆಯಾಗುವುದು ಹೇಗೆ: ಮೊದಲ ಮೂರು ತಿಂಗಳ ಸಮಗ್ರ ಮಾರ್ಗದರ್ಶಿ

ನಾನು ಒಬ್ಬನೇ ಲಾರಿ ಓಡಿಸಲು ಶುರು ಮಾಡಿ ಎರಡು ವಾರ ಆಗಿತ್ತು. ರಾತ್ರಿ ಹನ್ನೊಂದರ ಹೊತ್ತು. ಒಂದು ತಿರುವು ತಪ್ಪಿ ಕಿರಿದಾದ ರಸ್ತೆಗೆ ನುಗ್ಗಿದೆ. ಮುಂದೆ ಒಂದು ತಗ್ಗು ಸೇತುವೆ. ಅದರ ಮೇಲೆ ಎತ್ತರ ಬರೆದಿತ್ತು. ಆದರೆ ನನ್ನ ಗಾಡಿಯ ಎತ್ತರ ಎಷ್ಟು ಅಂತ ನನಗೇ ಗೊತ್ತಿರಲಿಲ್ಲ. ಜೇಬಿನಲ್ಲಿ ಫೋನ್ ಇತ್ತು. ಇಪ್ಪತ್ತು ವರ್ಷ ಲಾರಿ ಓಡಿಸಿದವರೊಬ್ಬರ ನಂಬರ್ ಅದರಲ್ಲಿತ್ತು. ನಾನು ಕರೆ ಮಾಡಲಿಲ್ಲ. "ಇಷ್ಟೂ ಗೊತ್ತಿಲ್ವಾ?" ಅಂದುಬಿಟ್ಟರೆ ಅನ್ನುವ ಭಯ. ಕತ್ತಲಲ್ಲಿ ಅಂದಾಜಿನ ಮೇಲೆ ಹಿಂದಕ್ಕೆ ತೆಗೆದೆ. ಹಿಂದಿನ ಮೂಲೆ ಗೋಡೆಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ, ಆ ಗೋಡೆಯ ಹಿಂದೆ ಯಾರೂ ಮಲಗಿರಲಿಲ್ಲ ಅಷ್ಟೇ.

ಆ ರಾತ್ರಿ ನನಗೆ ಕಡಿಮೆ ಬಿದ್ದದ್ದು ಸ್ಟೀರಿಂಗ್ ಹಿಡಿಯುವ ವಿದ್ಯೆ ಅಲ್ಲ. ಕೇಳಿದರೆ ಬೈಯುವುದಿಲ್ಲ ಅನ್ನುವ ನಂಬಿಕೆ ಇರುವ ಒಬ್ಬ ಮನುಷ್ಯ. ಲೈಸೆನ್ಸ್ ಪರೀಕ್ಷೆಯಲ್ಲಿ ಗೇರು, ಬ್ರೇಕು, ರಸ್ತೆ ಫಲಕ ಎಲ್ಲ ಬರುತ್ತದೆ. ಯಾವಾಗ ನಿಧಾನ ಮಾಡಬೇಕು, ಯಾವಾಗ ನಿಲ್ಲಿಸಬೇಕು, ಯಾವಾಗ "ಆಗಲ್ಲ" ಅನ್ನಬೇಕು ಅನ್ನುವುದು ಬರುವುದಿಲ್ಲ. ಅದು ಪಕ್ಕದಲ್ಲಿ ಕೂತವರಿಂದಲೇ ಬರಬೇಕು.

ಈ ಬರಹ ಹೊಸಬರ ಪಕ್ಕದಲ್ಲಿ ಕೂರುವ ಹಿರಿಯ ಡ್ರೈವರ್‌ಗಳಿಗೆ. ಗಾಡಿ ಮಾಲೀಕರೂ ಓದಲಿ. ಹೊಸಬರು ಓದಿದರೆ ಇನ್ನೂ ಒಳ್ಳೆಯದು, ತಮಗೆ ಏನು ಸಿಗಬೇಕು ಅಂತ ಗೊತ್ತಾಗುತ್ತದೆ.

ಹೆಜ್ಜೆ 1: ಯಾರು ಕಲಿಸಬೇಕು ಅಂತ ಮೊದಲು ತೀರ್ಮಾನಿಸಿ

ಒಳ್ಳೆಯ ಡ್ರೈವರ್ ಎಲ್ಲರೂ ಒಳ್ಳೆಯ ಗುರು ಆಗುವುದಿಲ್ಲ. ಮೂವತ್ತು ವರ್ಷ ಓಡಿಸಿದವರಿಗೆ ಎಲ್ಲವೂ ಕೈಗೆ ಬಂದಿರುತ್ತದೆ. ಅದನ್ನು ಬಾಯಲ್ಲಿ ಹೇಳಿ ಅಂದರೆ ತಡವರಿಸುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಕಲಿಸಲು ಬೇಕಾದದ್ದು ಬೇರೆ ಗುಣ. ನಾನಾದರೆ ಮೂರು ವಿಷಯ ನೋಡುತ್ತೇನೆ. ತಾವು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳುತ್ತಾರಾ? ಯಾರೂ ನೋಡದಿದ್ದಾಗಲೂ ಗಾಡಿಯನ್ನು ಸುತ್ತು ಹಾಕಿ ಪರೀಕ್ಷೆ ಮಾಡುತ್ತಾರಾ? ಒಂದೇ ಪ್ರಶ್ನೆಯನ್ನು ನಾಲ್ಕನೇ ಸಲ ಕೇಳಿದರೂ ದನಿ ಏರದೆ ಉತ್ತರ ಕೊಡುತ್ತಾರಾ? ಮೂರನೆಯದು ತುಂಬಾ ಮುಖ್ಯ.

ಅಮೆರಿಕದಲ್ಲಿ 2021ರ ಮೂಲಸೌಕರ್ಯ ಕಾನೂನಿನಡಿ 18ರಿಂದ 20 ವಯಸ್ಸಿನ ಡ್ರೈವರ್‌ಗಳಿಗೆ ಒಂದು ಪ್ರಾಯೋಗಿಕ ಯೋಜನೆ ತಂದರು. ಮೊದಲು 120 ಗಂಟೆ, ಆಮೇಲೆ 280 ಗಂಟೆ, ಒಟ್ಟು 400 ಗಂಟೆ. ಆ ಅವಧಿಯಲ್ಲಿ ಹೊಸಬರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಅನುಭವಿ ಡ್ರೈವರ್ ಇರಲೇಬೇಕಿತ್ತು. ಆ ಅನುಭವಿಗೆ ಕನಿಷ್ಠ 26 ವಯಸ್ಸು, ಕನಿಷ್ಠ ಐದು ವರ್ಷದ ಅನುಭವ ಇರಬೇಕು ಅಂತ ನಿಯಮವಿತ್ತು. 400 ಗಂಟೆ ಅಂದರೆ ದಿನಕ್ಕೆ ಎಂಟು ಗಂಟೆಯಂತೆ 50 ದಿನ. ನನ್ನ ಲೆಕ್ಕದಲ್ಲೂ ಜೊತೆಯಲ್ಲಿ ಓಡಾಡುವುದಕ್ಕೆ ಇದಕ್ಕಿಂತ ಕಡಿಮೆ ಸಾಲದು. ಆಮೇಲೆ ಒಂದು ತಿಂಗಳು ದೂರದಿಂದ ಗಮನ ಇಡಬೇಕು. ಹಾಗಾಗಿ ನಾನು ಮೂರು ತಿಂಗಳು ಅನ್ನುವುದು.

ಮಾಲೀಕರಿಗೆ ಒಂದು ಮಾತು. ಹೊಸಬರ ಜೊತೆ ಹೋದರೆ ಟ್ರಿಪ್ ನಿಧಾನ ಆಗುತ್ತದೆ. ಹಿರಿಯರ ದುಡಿಮೆ ಟ್ರಿಪ್ ಲೆಕ್ಕದಲ್ಲೋ ಕಿಲೋಮೀಟರ್ ಲೆಕ್ಕದಲ್ಲೋ ಇದ್ದರೆ ಕಲಿಸಿದ್ದಕ್ಕೆ ಅವರ ಜೇಬಿಗೇ ಪೆಟ್ಟು. ಆ ನಷ್ಟವನ್ನು ನೀವು ತುಂಬಿಕೊಡಬೇಕು. ಇಲ್ಲದಿದ್ದರೆ ಅವರು ಹೊಸಬರನ್ನು ಸುಮ್ನೆ ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸುತ್ತಾರೆ. ಆಗ ಯಾರೂ ಏನೂ ಕಲಿಯುವುದಿಲ್ಲ.

ಇನ್ನೊಂದು. ಒಂದೇ ಕ್ಯಾಬಿನ್‌ನಲ್ಲಿ ದಿನಗಟ್ಟಲೆ ಇರಬೇಕಾಗುತ್ತದೆ. ಕಲಿಯುವವರು ಹೆಣ್ಣುಮಕ್ಕಳಾಗಿದ್ದರೆ ಯಾರ ಜೊತೆ ಹೋಗಬೇಕು ಅನ್ನುವುದರಲ್ಲಿ ಅವರ ಮಾತಿಗೆ ಮೊದಲ ಬೆಲೆ ಕೊಡಿ. ರಾತ್ರಿ ಮಲಗುವ ಜಾಗ ಬೇರೆ ಇರಬೇಕು. ಜೋಡಿ ಹೊಂದಲಿಲ್ಲ ಅಂದರೆ ಕಾರಣ ಕೇಳಿ ಪೀಡಿಸದೆ ಗುರುವನ್ನು ಬದಲಾಯಿಸಿ. ಇದು ಗಂಡಸರಿಗೂ ಅನ್ವಯಿಸುತ್ತದೆ.

ಹೆಜ್ಜೆ 2: ಎಂಜಿನ್ ಚಾಲು ಮಾಡುವ ಮೊದಲು ಅರ್ಧ ಗಂಟೆ ಮಾತಾಡಿ

ಮೊದಲ ದಿನ ಕೀಲಿ ತಿರುಗಿಸಬೇಡಿ. ಕೂತು ಮಾತಾಡಿ. ಏನೇನು ಓಡಿಸಿದ್ದಾರೆ, ಯಾವುದಕ್ಕೆ ಭಯ, ಯಾವುದು ಚೆನ್ನಾಗಿ ಬರುತ್ತದೆ ಅಂತ ಕೇಳಿ. "ಯಾವುದಕ್ಕೂ ಭಯ ಇಲ್ಲ" ಅಂದರೆ ಸ್ವಲ್ಪ ಹುಷಾರಾಗಿರಿ.

ಆಮೇಲೆ ನೀವು ಕೆಲವು ಮಾತು ಕೊಡಬೇಕು. ಓಡುವ ಗಾಡಿಯಲ್ಲಿ ಬೈಯುವುದಿಲ್ಲ. ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಎತ್ತುತ್ತೇನೆ, ಆಗದಿದ್ದರೆ ಎದ್ದ ತಕ್ಷಣ ತಿರುಗಿ ಮಾಡುತ್ತೇನೆ. ನಿನ್ನ ತಪ್ಪನ್ನು ಬೇರೆ ಡ್ರೈವರ್‌ಗಳ ಮುಂದೆ ಹೇಳಿ ನಗುವುದಿಲ್ಲ. ಈ ಮಾತುಗಳನ್ನು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲಿ ಇದ್ದರೆ ಸಾಲದು.

ಒಂದು ಪದವನ್ನೂ ಗೊತ್ತು ಮಾಡಿಕೊಳ್ಳಿ. ನಾನು "ನಿಲ್ಲು" ಅಂತ ಇಟ್ಟುಕೊಂಡಿದ್ದೇನೆ. ಆ ಪದ ಬಂದರೆ ಯಾಕೆ, ಏನು ಅಂತ ಕೇಳದೆ ಗಾಡಿ ನಿಲ್ಲಬೇಕು. ಬೇರೆ ಯಾವ ಮಾತಿಗೂ ಆ ಪದ ಬಳಸಬಾರದು. "ಇಲ್ಲಿ ನಿಲ್ಲು, ನೀರು ಕುಡಿಯೋಣ" ಅಂದರೆ ಪದದ ಬೆಲೆ ಹೋಯಿತು. ಅದಕ್ಕೆ "ಪಕ್ಕಕ್ಕೆ ಹಾಕು" ಅನ್ನಿ.

ಗಾಡಿಯ ಎತ್ತರ, ಅಗಲ, ಉದ್ದ, ಖಾಲಿ ತೂಕ, ತುಂಬಿದ ತೂಕ ಇಷ್ಟನ್ನೂ ಅವರ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿ. ಸ್ಟೀರಿಂಗ್ ಹಿಂದೆ ಕೂತಾಗ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿ. ಆ ಸೇತುವೆ ರಾತ್ರಿ ನನ್ನ ಹತ್ತಿರ ಇಲ್ಲದೇ ಇದ್ದದ್ದು ಆ ಚೀಟಿ.

ಹೆಜ್ಜೆ 3: ಗಾಡಿಯನ್ನು ಕೈಯಿಂದ ಮುಟ್ಟಿ ನೋಡುವುದನ್ನು ಕಲಿಸಿ

ಪ್ರತಿ ದಿನ ಹೊರಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು. ಪ್ರತಿ ಸಲ ಒಂದೇ ಕಡೆಯಿಂದ ಶುರು, ಒಂದೇ ಕಡೆ ಮುಕ್ತಾಯ. ಕ್ರಮ ತಪ್ಪಿದರೆ ಏನಾದರೂ ಬಿಟ್ಟುಹೋಗುತ್ತದೆ. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಎರಡು ಹೆಜ್ಜೆ ಹಿಂದೆ ಹೋಗಿ ಅಲ್ಲಿಂದ ಮುಂದುವರಿಸಿ.

ಹೊಸಬರು ನೋಡುತ್ತಾ ನಡೆಯುತ್ತಾರೆ. ನೀವು ಮುಟ್ಟಿಸಿ. ನಾನು ಕಲಿಸುವಾಗ ಮೊದಲು ನಿಲ್ಲಿಸುವುದು ಚಕ್ರದ ಮುಂದೆ. "ಈ ನಟ್‌ಗಳನ್ನು ನೋಡು, ಏನು ಕಾಣುತ್ತೆ?" ಅಂತ ಕೇಳುತ್ತೇನೆ. ಮೊದಲ ಸಲ ಎಲ್ಲರೂ "ಚೆನ್ನಾಗಿದೆ ಅಣ್ಣ" ಅನ್ನುತ್ತಾರೆ. ಒಂದು ನಟ್‌ನಿಂದ ಕೆಳಕ್ಕೆ, ಬೆರಳಿನಷ್ಟು ಉದ್ದ, ಕಂದು ಬಣ್ಣದ ಗೆರೆ ಇಳಿದಿರುತ್ತದೆ. ಅದು ತುಕ್ಕಿನ ನೀರು. ನಟ್ ಸಡಿಲ ಆದಾಗ ಲೋಹಕ್ಕೆ ಲೋಹ ಉಜ್ಜುತ್ತದೆ, ಆ ಪುಡಿ ತುಕ್ಕು ಹಿಡಿದು ಹೀಗೆ ಇಳಿಯುತ್ತದೆ. ಅವರ ಹೆಬ್ಬೆರಳನ್ನು ಆ ಗೆರೆಯ ಮೇಲೆ ಎಳೆಸುತ್ತೇನೆ. ಬೆರಳಿಗೆ ಕಂದು ಪುಡಿ ಹತ್ತುತ್ತದೆ. ಹೀಗೆ ಒಮ್ಮೆ ಬೆರಳಿಗೆ ಹತ್ತಿದ್ದು ಮರೆತುಹೋಗುವುದಿಲ್ಲ. ಚಕ್ರ ಬದಲಿಸಿದ ಮೇಲೆ 80ರಿಂದ 160 ಕಿ.ಮೀ. ಒಳಗೆ ನಟ್‌ಗಳನ್ನು ಮತ್ತೆ ಬಿಗಿ ನೋಡಬೇಕು ಅಂತ ಆಗಲೇ ಹೇಳಿಬಿಡಿ.

ಟೈರ್ ಮೇಲೆ ಸುತ್ತಿಗೆಯಿಂದ ಹೊಡೆದು ಸದ್ದು ಕೇಳುವ ಅಭ್ಯಾಸ ಬಹಳ ಜನಕ್ಕಿದೆ. ಪೂರ್ತಿ ಗಾಳಿ ಹೋದ ಟೈರ್ ಅದರಿಂದ ಗೊತ್ತಾಗುತ್ತದೆ. ಗಾಳಿ ಸ್ವಲ್ಪ ಕಡಿಮೆ ಇರುವ ಟೈರ್ ಗೊತ್ತಾಗುವುದಿಲ್ಲ. ಅಪಾಯ ಇರುವುದು ಅದರಲ್ಲೇ. ಗಾಳಿ ಕಡಿಮೆಯಾದ ಟೈರ್ ಓಡುವಾಗ ಜಾಸ್ತಿ ಬಾಗುತ್ತದೆ, ಕಾಯುತ್ತದೆ, ಕೊನೆಗೆ ಸಿಡಿಯುತ್ತದೆ. ಗೇಜ್ ಹಿಡಿದು, ಟೈರ್ ತಣ್ಣಗಿರುವಾಗಲೇ ನೋಡಬೇಕು. ಜೋಡಿ ಚಕ್ರಗಳ ಒಳಗಿನ ಟೈರ್‌ನ್ನು ಎಲ್ಲರೂ ಬಿಡುತ್ತಾರೆ. ಅಲ್ಲಿ ಕೈ ಹೋಗುವುದು ಕಷ್ಟ, ಆದ್ದರಿಂದಲೇ ಅಲ್ಲಿಂದ ಶುರು ಮಾಡಿಸಿ.

ಏರ್ ಬ್ರೇಕ್, ಅಂದರೆ ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕ್, ಅದರ ಪರೀಕ್ಷೆಯನ್ನು ಅವರ ಕೈಯಲ್ಲೇ ಮಾಡಿಸಿ. ಚಕ್ರಕ್ಕೆ ಅಡ್ಡ ಇಟ್ಟು, ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ. ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಮೊದಲ ಇಳಿತ ಆದ ಮೇಲೆ ಒಂದು ನಿಮಿಷ ಗಾಳಿಯ ಒತ್ತಡ ತೋರಿಸುವ ಮುಳ್ಳನ್ನು ನೋಡಲಿ. ಅದರ ಅಳತೆ ಪಿಎಸ್‌ಐ. ಒಂಟಿ ಗಾಡಿಯಲ್ಲಿ 3 ಪಿಎಸ್‌ಐಗಿಂತ, ಟ್ರೇಲರ್ ಕಟ್ಟಿದ ಗಾಡಿಯಲ್ಲಿ 4 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆಮೇಲೆ ಕೀಲಿ ಆನ್ ಇಟ್ಟು ಪೆಡಲ್ ಒತ್ತಿ ಒತ್ತಿ ಬಿಡಲಿ. 60 ಪಿಎಸ್‌ಐ ಆಸುಪಾಸಿನಲ್ಲಿ ಎಚ್ಚರಿಕೆಯ ದೀಪ, ಸದ್ದು ಬರಬೇಕು. ಇನ್ನೂ ಒತ್ತಿದರೆ 45ರಿಂದ 20ರ ನಡುವೆ ಪಾರ್ಕಿಂಗ್ ಬ್ರೇಕ್ ತಾನಾಗಿ ಬೀಳಬೇಕು. ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಆ ಸದ್ದನ್ನು ಹೊಸಬರು ನಿಂತ ಗಾಡಿಯಲ್ಲಿ ಒಮ್ಮೆ ಕೇಳಿಸಿಕೊಂಡಿರಬೇಕು. ಓಡುವ ಗಾಡಿಯಲ್ಲಿ ಮೊದಲ ಸಲ ಕೇಳಿದರೆ ಅದೇನು ಅಂತ ಯೋಚಿಸುವುದರಲ್ಲೇ ಹೊತ್ತು ಹೋಗುತ್ತದೆ.

ಕ್ಯಾಬಿನ್ ಹತ್ತಿ ಇಳಿಯುವುದನ್ನೂ ಕಲಿಸಿ. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಯಾವಾಗಲೂ ಗಾಡಿಗೆ ತಾಗಿರಬೇಕು. ಮುಖ ಗಾಡಿಯ ಕಡೆ. ಹಾರುವುದು ಬೇಡ. ಮಂಡಿ ನೋವು ಇಪ್ಪತ್ತು ವರ್ಷ ಆದಮೇಲೆ ಶುರುವಾಗುತ್ತದೆ, ಆಗ ತಡವಾಗಿರುತ್ತದೆ.

ಹೆಜ್ಜೆ 4: ಕಾಣದ ಜಾಗವನ್ನು ಸೀಮೆಸುಣ್ಣದಲ್ಲಿ ಬರೆಯಿರಿ

ನಾನು ಕಲಿಸುವುದರಲ್ಲಿ ನನಗೆ ಇದು ಎಲ್ಲಕ್ಕಿಂತ ಇಷ್ಟ. ಒಂದು ಖಾಲಿ ಬಯಲು, ಒಂದು ಸೀಮೆಸುಣ್ಣ ಇದ್ದರೆ ಸಾಕು.

ಹೊಸಬರು ಡ್ರೈವರ್ ಸೀಟಿನಲ್ಲಿ ಕೂರಲಿ. ಕನ್ನಡಿಗಳನ್ನು ತಮಗೆ ಸರಿಯಾಗಿ ಹೊಂದಿಸಿಕೊಳ್ಳಲಿ. ಎಂಜಿನ್ ಬಂದ್, ಕೀಲಿ ನಿಮ್ಮ ಜೇಬಿನಲ್ಲಿ. ನೀವು ಗಾಡಿಯ ಸುತ್ತ ನಿಧಾನವಾಗಿ ನಡೆಯಿರಿ. ನೀವು ಕಾಣಿಸದೇ ಹೋದ ಕೂಡಲೇ ಅವರು ಕಿಟಕಿಯಿಂದ ಕೂಗಬೇಕು. ಅಲ್ಲಿ ನೆಲದ ಮೇಲೆ ಗೆರೆ ಎಳೆಯಿರಿ. ಮತ್ತೆ ಕಾಣಿಸಿದಾಗ ಇನ್ನೊಂದು ಗೆರೆ. ಹೀಗೆ ಪೂರ್ತಿ ಸುತ್ತು. ನಿಂತು ಒಂದು ಸುತ್ತು ಆದ ಮೇಲೆ ಕುಕ್ಕರಗಾಲಲ್ಲಿ ಕೂತು ಇನ್ನೊಂದು ಸುತ್ತು ಹಾಕಿ. ಅದು ಮಗುವಿನ ಎತ್ತರ.

ಆಮೇಲೆ ಅವರನ್ನು ಕೆಳಗಿಳಿಸಿ. ಗೆರೆಗಳನ್ನು ಸೇರಿಸಿ ತೋರಿಸಿ. ಬಂಪರ್ ಮುಂದೆ, ಹಿಂದೆ, ಎರಡೂ ಪಕ್ಕ. ಡ್ರೈವರ್ ಕೂರದ ಆ ಬದಿಯಲ್ಲಿ ಗೆರೆ ಎಷ್ಟು ದೂರ ಹೋಗಿರುತ್ತದೆ ಅಂದರೆ ಒಂದು ಇಡೀ ಕಾರು ಅದರೊಳಗೆ ನಿಲ್ಲಬಹುದು. ದೊಡ್ಡ ಲಾರಿಗಳಿಗೆ ಮುಂದೆ ಸುಮಾರು 6 ಮೀಟರ್, ಹಿಂದೆ ಸುಮಾರು 9 ಮೀಟರ್ ಕಾಣದ ಜಾಗ ಅಂತ ಅಮೆರಿಕದಲ್ಲಿ ಕಲಿಸುತ್ತಾರೆ. ಗಾಡಿಯಿಂದ ಗಾಡಿಗೆ ಇದು ಬದಲಾಗುತ್ತದೆ, ಆದ್ದರಿಂದಲೇ ನಿಮ್ಮ ಗಾಡಿಯದನ್ನು ನೀವೇ ಬರೆಯಬೇಕು.

ಒಬ್ಬ ಹುಡುಗ ನನ್ನ ಜೊತೆ ಇದನ್ನು ಮಾಡಿದಾಗ ಕೆಳಗಿಳಿದು ಆ ಗೆರೆಯ ಒಳಗೆ ಹೋಗಿ ನಿಂತ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣ, ನಮ್ಮ ತಂಗಿ ಸೈಕಲ್‌ನಲ್ಲಿ ಹೋಗ್ತಾಳೆ" ಅಂದ. ನಾನು ಮುಂದೆ ಏನೂ ಹೇಳಬೇಕಾಗಲಿಲ್ಲ.

ಅದೇ ಬಯಲಿನಲ್ಲಿ ತಿರುವಿನ ಪಾಠವೂ ಮುಗಿಸಿ. ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಮಗ್ಗುಲಿಗೆ ಸರಿದು ಬರುತ್ತದೆ. ತಿರುವಿನ ಮೂಲೆಯಲ್ಲಿ ಖಾಲಿ ಡಬ್ಬ ಇಟ್ಟು, ನೀವು ನಿಧಾನವಾಗಿ ತಿರುಗಿಸಿ, ಅವರನ್ನು ದೂರ ನಿಲ್ಲಿಸಿ ನೋಡಲು ಹೇಳಿ. ಡಬ್ಬ ಅಪ್ಪಚ್ಚಿ ಆಗುವುದನ್ನು ಕಣ್ಣಾರೆ ನೋಡಲಿ.

ಹೆಜ್ಜೆ 5: ಮೊದಲು ನೀವು ಓಡಿಸಿ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಿ

ನನ್ನ ಪ್ರಕಾರ ಇಡೀ ಕಲಿಕೆಯ ತಿರುಳು ಇಲ್ಲಿದೆ. ಅನುಭವಿ ಡ್ರೈವರ್‌ನ ಕೆಲಸ ಕೈಕಾಲಲ್ಲಿ ಕಾಣುವುದು ಕಡಿಮೆ. ನಡೆಯುವುದೆಲ್ಲ ಕಣ್ಣಲ್ಲಿ, ತಲೆಯಲ್ಲಿ. ಪಕ್ಕದಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ನೀವು ಬಾಯಿಬಿಟ್ಟು ಹೇಳಿದರೆ ಮಾತ್ರ ಕೇಳಿಸುತ್ತದೆ.

ಮೊದಲ ಎರಡು ಮೂರು ದಿನ ನೀವೇ ಓಡಿಸಿ. ಓಡಿಸುತ್ತಾ ಹೇಳುತ್ತಾ ಹೋಗಿ. "ಎಡಗಡೆ ನಿಂತ ಕಾರಿನ ಒಳಗೆ ದೀಪ ಹತ್ತಿದೆ, ಬಾಗಿಲು ತೆಗೀಬಹುದು. ಕಾಲು ಬ್ರೇಕ್ ಮೇಲೆ ತಂದೆ." "ಮುಂದಿನ ಬಸ್ಸಿನಲ್ಲಿ ಜನ ಎದ್ದು ನಿಂತಿದ್ದಾರೆ, ಇಳಿಯೋ ಜಾಗ ಹತ್ತಿರ ಬಂತು." "ಸಿಗ್ನಲ್ ಆಗಲೇ ಬಹಳ ಹೊತ್ತು ಹಸಿರಿದೆ, ನಾವು ಹೋಗುವಷ್ಟರಲ್ಲಿ ಬದಲಾಗುತ್ತೆ." ಮೊದಲು ವಿಚಿತ್ರ ಅನಿಸುತ್ತದೆ. ಅರ್ಧ ಗಂಟೆಯಲ್ಲಿ ರೂಢಿ ಆಗುತ್ತದೆ.

ಆಮೇಲೆ ಸೀಟು ಬದಲಿಸಿ. ಈಗ ಅವರು ಓಡಿಸುತ್ತಾ ಹೇಳಲಿ. ನೀವು ಕೇಳಿ. ನೀವು ಕಂಡ ಅಪಾಯ ಅವರ ಬಾಯಲ್ಲಿ ಬರಲಿಲ್ಲ ಅಂದರೆ ಅವರಿಗೆ ಅದು ಕಾಣಲಿಲ್ಲ ಅಂತ ಅರ್ಥ. ಆಗ "ಬಲಗಡೆ ನೋಡು" ಅನ್ನುವುದಕ್ಕಿಂತ "ಬಲಗಡೆ ಏನಿದೆ?" ಅಂತ ಕೇಳಿ. ಉತ್ತರ ಅವರ ಕಣ್ಣು ಹುಡುಕಿಕೊಳ್ಳಲಿ. ಇಕ್ಕಟ್ಟಿನ ಜಾಗದಲ್ಲಿ ಹೇಳುವುದನ್ನು ನಿಲ್ಲಿಸಿ ಓಡಿಸುವುದರ ಮೇಲೆ ಗಮನ ಇಡಲು ಬಿಡಿ.

ಎಷ್ಟು ದೂರ ನೋಡಬೇಕು? ಇನ್ನು 12ರಿಂದ 15 ಸೆಕೆಂಡಿನಲ್ಲಿ ಗಾಡಿ ಎಲ್ಲಿರುತ್ತದೋ ಅಲ್ಲಿಗೆ. ಹೊಸಬರ ಕಣ್ಣು ಮುಂದಿನ ಗಾಡಿಯ ಹಿಂದಿನ ದೀಪಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಬಿಡಿಸುವುದೇ ದೊಡ್ಡ ಕೆಲಸ.

ಅಂತರದ ಲೆಕ್ಕ ಬಾಯಿಪಾಠ ಆಗಲಿ. ಗಾಡಿಯ ಉದ್ದದ ಪ್ರತಿ 3 ಮೀಟರಿಗೆ ಒಂದು ಸೆಕೆಂಡ್. ವೇಗ ಗಂಟೆಗೆ 65 ಕಿ.ಮೀ. ದಾಟಿದರೆ ಇನ್ನೊಂದು ಸೆಕೆಂಡ್ ಸೇರಿಸಿ. 15 ಮೀಟರ್ ಗಾಡಿಗೆ ಹೆದ್ದಾರಿಯಲ್ಲಿ ಆರು ಸೆಕೆಂಡ್ ಆಯಿತು. ಮುಂದಿನ ಗಾಡಿ ಒಂದು ಕಂಬ ದಾಟಿದ ಕ್ಷಣದಿಂದ ಎಣಿಸಲಿ. ಗಂಟೆಗೆ 90 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 25 ಮೀಟರ್. ಅಮೆರಿಕದ ವಾಣಿಜ್ಯ ಚಾಲಕರ ಕೈಪಿಡಿಯ ಲೆಕ್ಕದಲ್ಲಿ, ಒಣ ರಸ್ತೆಯಲ್ಲಿ ಸುಮಾರು 88 ಕಿ.ಮೀ. ವೇಗದ ಭಾರಿ ಗಾಡಿ ಅಪಾಯ ಕಂಡ ಕ್ಷಣದಿಂದ ಪೂರ್ತಿ ನಿಲ್ಲಲು ಸುಮಾರು 128 ಮೀಟರ್ ಬೇಕು. ಅದರಲ್ಲಿ ಅರ್ಧದಷ್ಟು ದೂರ ಬ್ರೇಕ್ ಹಿಡಿಯುವ ಮೊದಲೇ ಹೋಗಿರುತ್ತದೆ. ಏರ್ ಬ್ರೇಕ್‌ನಲ್ಲಿ ಗಾಳಿ ಪೈಪಿನಲ್ಲಿ ಹರಿದು ಚಕ್ರ ಮುಟ್ಟಲು ಇನ್ನೂ ಅರ್ಧ ಸೆಕೆಂಡಿನಷ್ಟು ಸೇರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಈ ಅಂಕಿಗಳನ್ನು ಕೂತಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಇಬ್ಬರೂ ಸೇರಿ 128 ಮೀಟರ್ ನಡೆದು ನೋಡಿ. ತಿರುಗಿ ನಿಂತು ಶುರು ಮಾಡಿದ ಜಾಗವನ್ನು ತೋರಿಸಿ.

ಮಳೆಯಲ್ಲಿ ವೇಗವನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿಸಿ. ಖಾಲಿ ಗಾಡಿ ಬೇಗ ನಿಲ್ಲುತ್ತದೆ ಅಂತ ಹೊಸಬರು ಅಂದುಕೊಂಡಿರುತ್ತಾರೆ. ಹಾಗಲ್ಲ. ಭಾರದ ಲೆಕ್ಕಕ್ಕೆ ಮಾಡಿದ ಗಟ್ಟಿ ಸ್ಪ್ರಿಂಗ್ ಮೇಲೆ ಖಾಲಿ ಗಾಡಿ ಕುಣಿಯುತ್ತದೆ, ಚಕ್ರಕ್ಕೆ ನೆಲದ ಹಿಡಿತ ಸಿಗುವುದಿಲ್ಲ.

ಹೆಜ್ಜೆ 6: ಇಳಿಜಾರನ್ನು ಮೇಲೇ ನಿಂತು ಕಲಿಸಿ

ಉದ್ದದ ಇಳಿಜಾರಿನ ಪಾಠ ಇಳಿಯುವಾಗ ಅಲ್ಲ, ಶುರುವಾಗುವ ಮೊದಲು. ಗಾಡಿ ಪಕ್ಕಕ್ಕೆ ಹಾಕಿ. ಎಷ್ಟು ಉದ್ದ, ಎಷ್ಟು ಕಡಿದು, ಎಷ್ಟು ಲೋಡ್, ಯಾವ ಗೇರು, ಎಷ್ಟು ವೇಗ ಅಂತ ಕೇಳಿ. ಬಾಯಲ್ಲಿ ಉತ್ತರ ಬಂದ ಮೇಲೆಯೇ ಹೊರಡಿ.

ಗೇರು ಮೇಲೇ ಇಳಿಸಿರಬೇಕು. ಗಾಡಿ ಜೋರಾದ ಮೇಲೆ ಇಳಿಸಲು ಹೋದರೆ ಗೇರು ಬೀಳದೇ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಳ್ಳಬಹುದು. ಆಗ ಎಂಜಿನ್ನಿನ ತಡೆ ಪೂರ್ತಿ ಹೋಯಿತು. ಎಂಜಿನ್ನಿನ ತಡೆಯಿಂದಲೇ ವೇಗ ಇಳಿಸುವ ಎಂಜಿನ್ ಬ್ರೇಕ್ ಅಥವಾ ಎಕ್ಸಾಸ್ಟ್ ಬ್ರೇಕ್ ಇದ್ದರೆ ಬಳಸಲಿ, ಆದರೆ ರಸ್ತೆ ಜಾರುತ್ತಿದ್ದರೆ ಹುಷಾರು, ಎಂಜಿನ್ ತಿರುಗಿಸುವ ಚಕ್ರಗಳು ಜಾರಬಹುದು. ಪೆಡಲ್ ಬ್ರೇಕನ್ನು ಇಳಿಜಾರು ಪೂರ್ತಿ ಒತ್ತಿಕೊಂಡೇ ಹೋಗಬಾರದು. ಇಟ್ಟುಕೊಂಡ ವೇಗ ಮುಟ್ಟಿದಾಗ ಒಮ್ಮೆ ಗಟ್ಟಿಯಾಗಿ ಹಿಡಿದು, ವೇಗವನ್ನು ಗಂಟೆಗೆ ಸುಮಾರು 8 ಕಿ.ಮೀ.ನಷ್ಟು ತಗ್ಗಿಸಿ, ಪೂರ್ತಿ ಬಿಡಬೇಕು. ಮತ್ತೆ ಆ ವೇಗ ಬಂದಾಗ ಮತ್ತೆ. ಬಿಟ್ಟ ಹೊತ್ತಿನಲ್ಲಿ ಚಕ್ರದ ಬ್ರೇಕ್ ಡ್ರಮ್‌ಗೆ ಸ್ವಲ್ಪ ಉಸಿರು ಸಿಗುತ್ತದೆ.

ಯಾಕೆ ಅಂತಲೂ ಹೇಳಿ. ಡ್ರಮ್ ಬಿಸಿಯಾದರೆ ಹಿಗ್ಗಿ, ಅದಕ್ಕೆ ಉಜ್ಜಿ ಹಿಡಿಯುವ ಪಟ್ಟಿಯಿಂದ, ಅಂದರೆ ಲೈನರ್‌ನಿಂದ, ದೂರ ಸರಿಯುತ್ತದೆ. ಲೈನರ್ ಕೂಡ ಬಿಸಿಗೆ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಅಷ್ಟೇ ಒತ್ತಿದರೂ ಗಾಡಿ ಕೇಳುವುದಿಲ್ಲ. ಸುಟ್ಟ ವಾಸನೆ ಬಂತು ಅಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಬೇಕು, ಎಷ್ಟೇ ತಡವಾಗಲಿ. ತುರ್ತು ನಿಲುಗಡೆಯ ಜಲ್ಲಿ ದಾರಿ ಇರುವ ಇಳಿಜಾರಾದರೆ ಅದು ಎಲ್ಲಿದೆ ಅಂತ ಮೊದಲೇ ತೋರಿಸಿ. ಅದಕ್ಕೆ ನುಗ್ಗಿದರೆ ಗಾಡಿ ಹಾಳಾಗುತ್ತದೆ ಅಂತ ಹಿಂಜರಿದು ಜೀವ ಕಳೆದುಕೊಳ್ಳಬಾರದು. "ಬೇಕಾದರೆ ನುಗ್ಗು, ನಾನಿದ್ದೀನಿ" ಅಂತ ಹೇಳಿಟ್ಟಿರಿ. ಮಾಲೀಕರ ಬಾಯಿಂದಲೂ ಅದೇ ಮಾತು ಹೇಳಿಸಿ.

ಹೆಜ್ಜೆ 7: ರಿವರ್ಸ್

ಅವಸರ ಇಲ್ಲದ ದಿನ, ಅವಸರ ಇಲ್ಲದ ಜಾಗ. ಹಿಂದಕ್ಕೆ ತೆಗೆಯುವ ಮೊದಲು ಇಳಿದು, ಹಿಂದೆ ಹೋಗಿ, ಮೇಲಕ್ಕೂ ಕೆಳಕ್ಕೂ ನೋಡಲಿ. ತಂತಿ, ಕೊಂಬೆ, ಗುಂಡಿ. ಅನುಮಾನ ಬಂದಷ್ಟು ಸಲ ಇಳಿಯಲಿ. ಹತ್ತು ಸಲ ಇಳಿದರೂ ನೀವು ಮುಖ ಸಿಂಡರಿಸಬಾರದು. ಸಾಧ್ಯವಾದರೆ ಡ್ರೈವರ್ ಕೂತ ಬದಿಗೇ ತಿರುಗುವಂತೆ ತೆಗೆಯಲಿ, ಆ ಬದಿ ಚೆನ್ನಾಗಿ ಕಾಣುತ್ತದೆ. ಕೈ ತೋರಿಸಲು ಜನ ಇದ್ದರೆ ಸನ್ನೆಗಳನ್ನು ಮೊದಲೇ ಮಾತಾಡಿಕೊಳ್ಳಿ. ಆ ಮನುಷ್ಯ ಕನ್ನಡಿಯಿಂದ ಮರೆಯಾದ ಕ್ಷಣ ಗಾಡಿ ನಿಲ್ಲಬೇಕು.

ಟ್ರೇಲರ್ ಇದ್ದರೆ ಸ್ಟೀರಿಂಗ್ ಎತ್ತ ತಿರುಗಿಸಿದರೆ ಟ್ರೇಲರ್ ಅದರ ಎದುರು ಬದಿಗೆ ಹೋಗುತ್ತದೆ. ಇದು ಮಾತಲ್ಲಿ ಬರುವುದಿಲ್ಲ, ಕೈ ಪಳಗಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಸುಸ್ತಾದ ಮೇಲೆ ಮಾಡಿಸಿದರೆ ತಪ್ಪೇ ಅಭ್ಯಾಸವಾಗುತ್ತದೆ.

ಹೆಜ್ಜೆ 8: ಲೋಡ್

ಬೇರೆಯವರು ತುಂಬಿ ಕಟ್ಟಿದರೂ ರಸ್ತೆಯಲ್ಲಿ ಹೊಣೆ ಡ್ರೈವರ್‌ದು ಅಂತ ಮನಸ್ಸಿಗೆ ಹತ್ತಿಸಿ. ಹೊರಟ ಮೇಲೆ ಮೊದಲ 80 ಕಿ.ಮೀ. ಒಳಗೆ ಒಮ್ಮೆ ನಿಲ್ಲಿಸಿ ಹಗ್ಗ, ಬೆಲ್ಟು, ಸರಪಳಿ ನೋಡಬೇಕು, ಲೋಡ್ ಕುಲುಕಿ ಕೂರುವುದು ಆಗಲೇ. ಆಮೇಲೆ ಮೂರು ಗಂಟೆಗೊಮ್ಮೆ ಅಥವಾ 240 ಕಿ.ಮೀ.ಗೊಮ್ಮೆ. ಎತ್ತರದ ಲೋಡ್ ತಿರುವಿನಲ್ಲಿ ಮಗುಚುತ್ತದೆ. ಅರ್ಧ ತುಂಬಿದ ಟ್ಯಾಂಕರ್‌ನಲ್ಲಿ ನಿಂತ ಮೇಲೂ ದ್ರವ ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳುತ್ತದೆ. ಟ್ಯಾಂಕರ್ ಕಲಿಸುವುದಾದರೆ ಅದಕ್ಕೆ ಬೇರೆಯೇ ದಿನಗಳನ್ನು ಇಡಿ.

ಹೆಜ್ಜೆ 9: ನಿದ್ದೆ ಮತ್ತು ಫೋನ್ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿ

"ನನಗೆ ನಿದ್ದೆ ಬಂತು" ಅನ್ನಲು ಹೊಸಬರಿಗೆ ನಾಚಿಕೆ. ಆದ್ದರಿಂದ ಮೊದಲು ನೀವು ಅನ್ನಿ. "ನನಗೆ ಕಣ್ಣು ಎಳೀತಿದೆ, ಪಕ್ಕಕ್ಕೆ ಹಾಕ್ತೀನಿ" ಅಂತ ಅವರ ಕಣ್ಣ ಮುಂದೆ ಗಾಡಿ ನಿಲ್ಲಿಸಿ ಮಲಗಿ. ಒಂದು ಸಲ ಹಾಗೆ ಮಾಡಿದರೆ ಹತ್ತು ದಿನದ ಉಪದೇಶಕ್ಕೆ ಸಮ.

17 ಗಂಟೆ ಎಚ್ಚರವಿದ್ದವರ ಕೈ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟೇ ಇಳಿಯುತ್ತದೆ ಅಂತ 1997ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಬೆಳಗಿನ ಜಾವ 2ರಿಂದ 6, ಮಧ್ಯಾಹ್ನ ಊಟದ ನಂತರದ ಒಂದೆರಡು ಗಂಟೆ ದೇಹ ತಾನಾಗಿ ಮಂಕಾಗುವ ಹೊತ್ತು. ಕಿಟಕಿ ತೆಗೆದು, ಹಾಡು ಜೋರು ಮಾಡಿ ನಿದ್ದೆ ಓಡಿಸಲು ಆಗುವುದಿಲ್ಲ. ಇಪ್ಪತ್ತು ನಿಮಿಷ ಮಲಗಿದರೆ ಆಗುತ್ತದೆ. ಕಾಫಿ ಕುಡಿದು ಕೂಡಲೇ ಮಲಗಿದರೆ ಏಳುವ ಹೊತ್ತಿಗೆ ಅದೂ ಕೆಲಸ ಶುರು ಮಾಡಿರುತ್ತದೆ. ಎದ್ದ ತಕ್ಷಣ ಓಡಿಸಬಾರದು, ಮಂಪರು ಪೂರ್ತಿ ಹರಿಯಲಿ.

ಎಷ್ಟು ಗಂಟೆ ಓಡಿಸಬಹುದು ಅನ್ನುವ ಕಾನೂನು ದೇಶಕ್ಕೊಂದು ತರ. ಯುರೋಪ್ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು. ಅಮೆರಿಕದಲ್ಲಿ ಎಂಟು ಗಂಟೆ ಓಡಿಸಿದ ಮೇಲೆ 30 ನಿಮಿಷ. ನಿಮ್ಮಲ್ಲಿ ಇರುವ ನಿಯಮವನ್ನು ಬಾಯಿಪಾಠ ಮಾಡಿಸಿ, ಜೊತೆಗೆ ಅದು ಗರಿಷ್ಠ ಮಿತಿ, ಗುರಿ ಅಲ್ಲ ಅಂತ ತಿಳಿಸಿ.

ಫೋನ್ ವಿಷಯದಲ್ಲಿ ನನಗೆ ರಾಜಿ ಇಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯವರು 2009ರಲ್ಲಿ ಲಾರಿ ಡ್ರೈವರ್‌ಗಳ ಕ್ಯಾಬಿನ್‌ನಲ್ಲಿ ಕ್ಯಾಮೆರಾ ಇಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಮೆಸೇಜ್ ಮಾಡುತ್ತಾ ಓಡಿಸಿದಾಗ ಅಪಘಾತ ಅಥವಾ ಅದರ ಅಂಚಿಗೆ ಹೋಗುವ ಸಂಭವ 23 ಪಟ್ಟು. ಆರು ಸೆಕೆಂಡಿನಲ್ಲಿ 4.6 ಸೆಕೆಂಡ್ ಕಣ್ಣು ರಸ್ತೆಯ ಮೇಲೆ ಇರಲಿಲ್ಲ. 90 ಕಿ.ಮೀ. ವೇಗದಲ್ಲಿ ಅದು 115 ಮೀಟರ್. ಓಡುವಾಗ ನೀವೂ ಫೋನ್ ಮುಟ್ಟಬೇಡಿ. ಹೊಸಬರು ಕಿವಿಗಿಂತ ಕಣ್ಣಿನಿಂದ ಜಾಸ್ತಿ ಕಲಿಯುತ್ತಾರೆ.

ಹೆಜ್ಜೆ 10: ತಪ್ಪಾದಾಗ

ತಪ್ಪು ಆಗುತ್ತದೆ. ಆ ಕ್ಷಣದಲ್ಲಿ ಚಿಕ್ಕ ಮಾತು ಸಾಕು: "ನಿಧಾನ." "ಅಂತರ." ವಿವರಣೆ ಗಾಡಿ ನಿಂತ ಮೇಲೆ. ನಿಂತ ಮೇಲೂ ಮೊದಲು ಅವರೇ ಹೇಳಲಿ. "ಏನಾಯ್ತು? ನಿನಗೆ ಏನು ಕಾಣಿಸಿತು? ಮತ್ತೆ ಹೀಗೇ ಬಂದರೆ ಏನು ಮಾಡ್ತೀಯ?" ಈ ಮೂರೇ ಪ್ರಶ್ನೆ. ಬಹಳ ಸಲ ನೀವು ಹೇಳಬೇಕಾದದ್ದನ್ನು ಅವರೇ ಹೇಳಿಬಿಡುತ್ತಾರೆ.

ಅಪಘಾತ ಆಗದೆ ಸ್ವಲ್ಪದರಲ್ಲಿ ತಪ್ಪಿದ್ದನ್ನು ಒಂದು ಪುಸ್ತಕದಲ್ಲಿ ಬರೆಸಿ. ನಿಮ್ಮದನ್ನೂ ಅದರಲ್ಲೇ ಬರೆಯಿರಿ. ವಾರಕ್ಕೊಮ್ಮೆ ಇಬ್ಬರೂ ಓದಿ. ಒಂದೇ ತರದ್ದು ಮೂರು ಸಲ ಬಂದಿದ್ದರೆ ಮುಂದಿನ ವಾರ ಅದೊಂದರ ಮೇಲೆಯೇ ಕೆಲಸ. ಆ ಪುಸ್ತಕ ಮಾಲೀಕರ ಕೈಗೆ ಹೋಗಬಾರದು. ಹೋದರೆ ಮರುದಿನದಿಂದ ಅದರಲ್ಲಿ ಸುಳ್ಳೇ ಇರುತ್ತದೆ.

ಚೆನ್ನಾಗಿ ಮಾಡಿದ್ದನ್ನೂ ಹೇಳಿ. "ಚೆನ್ನಾಗಿ ಓಡಿಸಿದೆ" ಅಂದರೆ ಏನೂ ತಿಳಿಯುವುದಿಲ್ಲ. "ಆ ಶಾಲೆ ಹತ್ತಿರ ಚೆಂಡು ಕಂಡ ತಕ್ಷಣ, ಮಗು ಕಾಣೋ ಮೊದಲೇ ಕಾಲು ತೆಗೆದೆಯಲ್ಲ, ಅದು ಸರಿ" ಅಂದರೆ ತಿಳಿಯುತ್ತದೆ.

ಹೆಜ್ಜೆ 11: "ಆಗಲ್ಲ" ಅನ್ನುವುದನ್ನು ಅಭ್ಯಾಸ ಮಾಡಿಸಿ

ಹೊಸಬರ ಮೇಲೆ ಒತ್ತಡ ಜಾಸ್ತಿ. ಲೋಡ್ ಮಾಡುವ ಕಡೆ ಐದು ಗಂಟೆ ಕಾಯಿಸುತ್ತಾರೆ, ಆಮೇಲೆ ಆಫೀಸಿನಿಂದ "ಬೆಳಿಗ್ಗೆ ಅಲ್ಲಿರಬೇಕು" ಅಂತ ಫೋನ್ ಬರುತ್ತದೆ. ಕಾದ ಹೊತ್ತೂ ದಣಿವಿನ ಲೆಕ್ಕಕ್ಕೇ ಸೇರುತ್ತದೆ ಅನ್ನುವುದನ್ನು ಯಾರೂ ನೆನಪಿಸುವುದಿಲ್ಲ. ಕೆಲಸ ಹೋದರೆ ಅನ್ನುವ ಭಯದಲ್ಲಿ ಹೊಸಬರು ತಲೆಯಾಡಿಸಿಬಿಡುತ್ತಾರೆ.

ಕ್ಯಾಬಿನ್‌ನಲ್ಲಿ ಕೂತು ಆಡಿ ನೋಡಿ. ನೀವು ಆಫೀಸಿನವರಾಗಿ. ಜೋರು ಮಾಡಿ, ಪುಸಲಾಯಿಸಿ. ಅವರು ಉತ್ತರ ಕೊಡಲಿ: "ಸಾರ್, ನಾನು ಬೆಳಿಗ್ಗೆ ಐದಕ್ಕೆ ಎದ್ದಿದ್ದೇನೆ. ಈಗ ರಾತ್ರಿ ಹತ್ತು. ಆರು ಗಂಟೆ ಮಲಗಿ ಹೊರಟರೆ ನಾಳೆ ಹನ್ನೊಂದಕ್ಕೆ ಅಲ್ಲಿರುತ್ತೇನೆ." ಕಾರಣ, ಸಮಯ, ಯಾವಾಗ ತಲುಪುತ್ತೇನೆ ಅನ್ನುವ ಮಾತು, ಮೂರೂ ಇರಬೇಕು. ಜಗಳ ಬೇಡ, ಕ್ಷಮೆಯೂ ಬೇಡ. ಲೋಡ್ ಮಿತಿ ಮೀರಿದ್ದರೆ, ಬ್ರೇಕ್ ಸರಿ ಇಲ್ಲದಿದ್ದರೆ ಹೇಳುವ ಮಾತನ್ನೂ ಹೀಗೇ ಬಾಯಿಗೆ ರೂಢಿ ಮಾಡಿಸಿ. ಮೊದಲ ಸಲ ನಿಜವಾಗಿ ಹಾಗೆ ಹೇಳಬೇಕಾಗಿ ಬಂದಾಗ ನೀವು ಅವರ ಪರ ನಿಲ್ಲಬೇಕು. ಅಲ್ಲಿ ಹಿಂದೆ ಸರಿದರೆ ಅಲ್ಲಿಯವರೆಗೆ ಕಲಿಸಿದ್ದೆಲ್ಲ ನೀರಿಗೆ ಹಾಕಿದ ಹಾಗೆ.

ಹೆಜ್ಜೆ 12: ನಿಧಾನವಾಗಿ ಕೈ ಬಿಡಿ

ಎರಡನೇ ತಿಂಗಳ ಕೊನೆಗೆ ಒಂದು ಪೂರ್ತಿ ದಿನ ಪಕ್ಕದಲ್ಲಿ ಕೂತು ಮಾತಾಡಬೇಡಿ. ಅಪಾಯ ಬಂದರೆ ಮಾತ್ರ ಬಾಯಿ ತೆಗೆಯಿರಿ. ದಾರಿ, ನಿಲ್ಲುವ ಜಾಗ, ಡೀಸೆಲ್, ಮಲಗುವ ಹೊತ್ತು ಎಲ್ಲ ಅವರೇ ತೀರ್ಮಾನಿಸಲಿ. ನಿಮಗೆ ಇದು ಕಷ್ಟ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ.

ಆ ದಿನ ಸರಿಹೋದರೆ, ಗೊತ್ತಿರುವ ದಾರಿಯಲ್ಲಿ, ಹಗಲಿನಲ್ಲಿ, ಹಗುರ ಲೋಡಿನಲ್ಲಿ ಒಬ್ಬರನ್ನೇ ಕಳಿಸಿ. ಆಮೇಲೆ ರಾತ್ರಿ. ಆಮೇಲೆ ಹೊಸ ದಾರಿ. ಎರಡು ಹೊಸದನ್ನು ಒಟ್ಟಿಗೆ ಕೊಡಬೇಡಿ: ಹೊಸ ದಾರಿ ಆದರೆ ಹಗಲು, ರಾತ್ರಿ ಆದರೆ ಹಳೇ ದಾರಿ. ಮೊದಲ ತಿಂಗಳು ದಿನಾ ಒಂದು ಕರೆ ಇರಲಿ, ಗಾಡಿ ನಿಂತ ಹೊತ್ತು ನೋಡಿಕೊಂಡು. "ಎಲ್ಲಾ ಸರೀನಾ?" ಅಂತ ಕೇಳಿದರೆ "ಸರಿ ಅಣ್ಣ" ಅಂತಲೇ ಬರುತ್ತದೆ. "ಇವತ್ತು ಎಲ್ಲಿ ಎದೆ ಝಲ್ ಅಂತು?" ಅಂತ ಕೇಳಿ. ಆಗ ಮಾತು ಹೊರಗೆ ಬರುತ್ತದೆ.

ಆರು ತಿಂಗಳಾದ ಮೇಲೆ ಒಂದು ದಿನ ಅವರ ಜೊತೆ ಮತ್ತೆ ಹೋಗಿ. ಏನೂ ಹೇಳದೆ ಬೆಳಗಿನ ಸುತ್ತು ನೋಡಿ. ಒಳಗಿನ ಟೈರ್‌ಗೆ ಗೇಜ್ ಹಿಡಿಯುತ್ತಾರಾ, ನಟ್‌ಗಳ ಮೇಲೆ ಬೆರಳು ಎಳೆಯುತ್ತಾರಾ ಗಮನಿಸಿ. ಯಾವುದು ಬಿಟ್ಟುಹೋಗಿದೆಯೋ ಅದನ್ನು ಸಂಜೆ ಗಾಡಿ ನಿಲ್ಲಿಸಿದ ಮೇಲೆ ಹೇಳಿ. ಆ ಎತ್ತರದ ಚೀಟಿ ಮಾಸಿ ಹೋಗಿದ್ದರೆ ಹೊಸದು ಬರೆಸಿ ಅಂಟಿಸಿ ಬನ್ನಿ.